ಮೂರನೆಯ ಸಿಲಿಂಡರ್

ಉಲಾನ್‌ಬಾತರಿನಲ್ಲಿ ಜನವರಿ ಬಂತೆಂದರೆ
ಎಲ್ಲ ಕಾರೂ ಹೊಗೆ ಬಿಡುತ್ತವೆ.
ಮೈನಸ್ ಮೂವತ್ತೊಂದು.
ಯಾವುದು ಬರೀ ಉಸಿರು, ಯಾವುದು ಕಾಯಿಲೆ,
ಕಣ್ಣಿಗೆ ತಿಳಿಯದು.

ಸೆರೀಟರ್ ತನ್ನ ಕರವಸ್ತ್ರವನ್ನು
ಸೈಲೆನ್ಸರಿನ ಬಾಯಿಗೆ ಹಿಡಿದ,
ನೆಗಡಿಯ ಕೂಸಿನ ಮೂಗು ಒರೆಸುವ ಹಾಗೆ.
ಹಬೆಯಾದರೆ ಬಟ್ಟೆ ಒಣಗಿ ಮರೆತುಬಿಡುತ್ತದೆ.
ಇದು ಮರೆಯಲಿಲ್ಲ.
ನಡುವೆ ಕಾಳಷ್ಟು ಕಪ್ಪು, ಸುತ್ತ ಜಿಡ್ಡಿನ ಬಳೆ.

"ಎಷ್ಟು ಕುಡಿಯುತ್ತದೆ?"
ದಾರ್ಖಾನಿಗೆ ಎರಡು ಸಲ ಹೋಗಿ ಬಂದರೆ ಒಂದು ಲೀಟರು.
"ಅಳೆದದ್ದೋ, ಅಂದಾಜೋ?"
ಅಳೆದದ್ದು.
ಸಮತಟ್ಟು ನೆಲ, ತಣಿದ ಎಂಜಿನ್,
ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ,
ಒಣಮೊಸರಿನ ಬಾಕಿ ಬರೆಯುವ ಪುಸ್ತಕದ ಕೊನೆಯ ಹಾಳೆಯಲ್ಲಿ
ತಾರೀಕು, ಕಿಲೋಮೀಟರು, ಸುರಿದದ್ದು.
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದೇನಪ್ಪಾ,
ಸಾಲದ್ದಕ್ಕೆ ಇದರ ಹೊಟ್ಟೆಗೂ.

ಸೋರುತ್ತದೇನೋ ಎಂದು
ಮೂರು ರಾತ್ರಿ ಅಡಿಗೆ ರಟ್ಟು ಹಾಸಿ ನಿಲ್ಲಿಸಿದ್ದೆ.
ಬೆಳಗಾದರೆ ರಟ್ಟಿನ ಮೇಲೆ ಹಿಮದ ಪುಡಿ,
ಒಂದು ಬೆಕ್ಕಿನ ಹೆಜ್ಜೆ.
ಚೆಲ್ಲುತ್ತಿಲ್ಲ, ಕುಡಿಯುತ್ತಿದೆ.
ಈ ಬಗೆಯ ಕುಡಿತ ನನಗೆ ಗೊತ್ತು,
ನನ್ನ ಮೊದಲ ಗಂಡನೂ ಒಂದು ಹನಿ ಚೆಲ್ಲಿದವನಲ್ಲ.

ಜುಲೈಯಲ್ಲಿ ಕೊಂಡೆ, ದಾ ಖುರೀ ಸಂತೆಯಲ್ಲಿ.
ಮಾರಿದ ಬಟ್‌ಸೂರಿಯದು ಬೆಣ್ಣೆಯಂಥ ಮಾತು,
ಎಂಜಿನ್ನಿನದೂ ಹಾಗೇ.
ಕಡ್ಡಿಯ ತುದಿಯಲ್ಲಿ ಎಣ್ಣೆ ಪಾಕದಂತೆ ನಿಂತಿತ್ತು.
ನಾನು ಬಣ್ಣ ನೋಡಿದೆ, ಟಯರು ಒದ್ದು ನೋಡಿದೆ,
ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡೆ.
"ದಪ್ಪ ಎಣ್ಣೆ ಹೊಯ್ದು ಮಾರಿದ್ದಾನೆ," ಅಂದ ಸೆರೀಟರ್,
"ಚಳಿಗಾಲದ ತನಕ ಓಡುವ ಸುಳ್ಳು."

ಕಂಟೇನರಿನೊಳಗೆ ಕಲ್ಲಿದ್ದಲ ಒಲೆ, ಬಲ್ಬೊಂದು.
ಪಿಸಿವಿ ವಾಲ್ವ್ ಬಿಚ್ಚಿ ಕಿವಿಯ ಬಳಿ ಅಲುಗಿಸಿದ:
ಟಿಕ್ ಟಿಕ್. "ಇದಕ್ಕೆ ಜೀವ ಇದೆ."
ಪ್ಲಗ್ಗು ನಾಲ್ಕೂ ಕಳಚಿ ಬೆಂಚಿನ ಮೇಲಿಟ್ಟ.
ಮೂರು ಬಿಸ್ಕತ್ತಿನ ಬಣ್ಣ.
ಒಂದು ಮಾತ್ರ ಕರ್ರಗೆ, ಒದ್ದೆ,
ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನ ಮುಖ.

ಆ ತೂತಿಗೆ ಗೇಜು ತಿರುಪಿದ. ಮುಳ್ಳು ಅರ್ಧಕ್ಕೇ ನಿಂತಿತು.
ಆಮೇಲೆ ಚಹಾದ ಚಮಚದಲ್ಲೇ ಒಂದಿಷ್ಟು ಎಣ್ಣೆ
ಒಳಗೆ ಬಿಟ್ಟು, ಮತ್ತೆ.
ಮುಳ್ಳು ಏರಿತು.
ನಾನು ಚಪ್ಪಾಳೆ ತಟ್ಟಲು ಹೋದೆ.
"ಏರಬಾರದಿತ್ತು," ಅಂದ.
"ವಾಲ್ವ್ ಕೆಟ್ಟಿದ್ದರೆ ಅಲ್ಲಾಡುತ್ತಿರಲಿಲ್ಲ. ಎಣ್ಣೆ ಬಿದ್ದು ಸಂದು ಮುಚ್ಚಿತಲ್ಲ,
ರಿಂಗು ಹೋಗಿದೆ."

ಇನ್ನೊಂದು ಕೇಳಬೇಕಿತ್ತು.
ಕೀಲಿ ತಿರುಗಿಸಿದಾಗಲೆಲ್ಲ ಡ್ಯಾಶ್‌ಬೋರ್ಡಿನೊಳಗಿಂದ
ಒಬ್ಬ ಹೆಂಗಸು ಜಪಾನಿಯಲ್ಲಿ ಏನೋ ಹೇಳುತ್ತಾಳೆ, ಮೆತ್ತಗೆ.
ಆರು ತಿಂಗಳಿಂದ ನನ್ನ ಎದೆಯಲ್ಲಿ ಅದೇ:
ರೋಗ ಇವಳಿಗೆ ಮೊದಲೇ ಗೊತ್ತು,
ಪಾಪ, ಹೇಳುತ್ತಲೇ ಇದ್ದಾಳೆ.
ಒಸಾಕದಲ್ಲಿ ನಾಲ್ಕು ವರ್ಷ ಬೆಸುಗೆ ಹಾಕಿ ಬಂದ
ಪಕ್ಕದ ಟಯರಂಗಡಿಯ ಗೊಂಬೋಜಾವನನ್ನು ಕರೆದೆವು.
ಕಿವಿಗೊಟ್ಟು ಕೇಳಿದ.
"ಟೋಲ್ ಕಾರ್ಡು ಹಾಕಿಲ್ಲ ಅನ್ನುತ್ತಿದ್ದಾಳೆ."

ಎಂಜಿನ್ ಬಿಚ್ಚಿದರೆ ಕಾರಿನ ಅರ್ಧ ಬೆಲೆ.
ಬಿಚ್ಚದಿದ್ದರೆ ಈ ಪುಸ್ತಕ, ಈ ಕಡ್ಡಿ, ಈ ಡಬ್ಬಿ.
ಮೂರನೆಯ ದಾರಿಯನ್ನು ಸೆರೀಟರ್ ಬಾಯಿಬಿಟ್ಟು ಹೇಳಲಿಲ್ಲ,
ಕೈ ಒರೆಸುತ್ತ ಕಪಾಟಿನ ಕಡೆ ನೋಡಿದ.
ದಪ್ಪ ಎಣ್ಣೆ, ಹಳದಿ ಡಬ್ಬಿ.
ಜೂನಿಗೆ ಇನ್ನೂ ಐದು ತಿಂಗಳು.

ತೆಳು ಎಣ್ಣೆಯನ್ನೇ ಎರಡು ಡಬ್ಬಿ ಕೊಂಡು
ಹಿಂದೆ ಕುರಿಮಾಂಸದ ಚೀಲಕ್ಕೆ ಒರಗಿಸಿಟ್ಟೆ.
ಹಳದಿ ಡಬ್ಬಿಯ ಬೆಲೆಯನ್ನೂ ಕೇಳಿದೆ, ಸುಮ್ಮನೆ.
ಕೀಲಿ ತಿರುಗಿಸಿದೆ.
ಕಾರ್ಡು ಹಾಕಿಲ್ಲ, ಅಂದಳು.
ಗೊತ್ತು ಕಣೇ, ಅಂದೆ.